ನಾಲ್ಕು ದೋಣಿಯಲ್ಲಿ ಕಾಲಿಟ್ಟ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು ಹಾಯಿದೋಣಿ ಸ್ಪರ್ಧೆಗಳ ಹಂಗಾಮಿನ ಆರಂಭದಲ್ಲಿ ನಿನಗೆ ಹೇಳಿದ್ದೆ. "ಎರಡಲ್ಲಮ್ಮ, ನಾಲ್ಕು" ಎಂದು ನಗುತ್ತ ಹೊರಟುಬಿಟ್ಟೆ. ಈಗ ಕೊನೆಯ ಸ್ಪರ್ಧೆಯೂ ಮುಗಿದಿದೆ. ನಿನ್ನ ಫಲಿತಾಂಶದ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಎದುರುಬದುರು ಕೂತರೆ ನಾವಿಬ್ಬರೂ ಐದನೇ ಮಾತಿಗೆ ಜಗಳಕ್ಕಿಳಿಯುತ್ತೇವೆ. ಅದಕ್ಕೇ ಈ ಕಾಗದ.

ಮೊದಲು ಆ ಕಪ್ಪು ಬಾವುಟದ ವಿಷಯ ಮುಗಿಸಿಬಿಡುತ್ತೇನೆ. ನೀನು ಒಬ್ಬಳೇ ಓಡಿಸುವ ಐಎಲ್‌ಸಿಎ 6 ದೋಣಿಯ ಸ್ಪರ್ಧೆ ಅದು. ಅಂದು ತೀರ್ಪುಗಾರರ ದೋಣಿಯಲ್ಲಿ ಧ್ವನಿ ರೆಕಾರ್ಡರ್ ಹಿಡಿದು ಆರಂಭರೇಖೆಯ ಮೇಲೆ ಕಣ್ಣಿಟ್ಟು ನಿಂತಿದ್ದವಳು ನಾನು. ಆರಂಭಕ್ಕೆ ಐದು ನಿಮಿಷ ಉಳಿದಾಗ ದೋಣಿಯ ವರ್ಗದ ಬಾವುಟ ಏರಿತು, ನಾಲ್ಕು ನಿಮಿಷ ಉಳಿದಾಗ ಕಪ್ಪು ಬಾವುಟ. ಒಂದು ನಿಮಿಷ ಉಳಿದಾಗ ಅದು ಇಳಿದು ಉದ್ದನೆಯ ಹಾರ್ನ್ ಕೂಗಿತು. ಅಲ್ಲಿಂದ ಮುಂದೆ, ರೇಖೆಯ ಎರಡು ತುದಿಗಳಿಗೂ ದೋಣಿಗಳು ಸುತ್ತಬೇಕಾದ ಮೊದಲ ತೇಲುಗುರುತಿಗೂ, ಅಂದರೆ ಮೊದಲ ಮಾರ್ಕಿಗೂ, ನಡುವೆ ಇರುವ ತ್ರಿಕೋನದೊಳಗೆ ದೋಣಿಯ ಮೂತಿ ಕಂಡರೆ ವಿಚಾರಣೆಯಿಲ್ಲದೆ ಅನರ್ಹತೆ. ಇನ್ನೂ ಏಳು ಸೆಕೆಂಡು ಇತ್ತು. ಕಂಡ ಮೂತಿ ನಿನ್ನದು. ನಿನ್ನ ಹಾಯಿಯ ಸಂಖ್ಯೆಯನ್ನು ನನ್ನ ಬಾಯಿಂದಲೇ ಹೇಳಿದೆ. ಆಚೆ ತುದಿಯಲ್ಲಿದ್ದವರೂ ಅದನ್ನೇ ಹೇಳಿದರು.

ನಲವತ್ತೊಂದು ದೋಣಿಗಳ ಸ್ಪರ್ಧೆ, ಅನರ್ಹರಿಗೆ ನಲವತ್ತೆರಡು ಅಂಕ. ಗಾಳಿ ಸತ್ತುಹೋಗಿ ಮೂರೇ ಓಟ ನಡೆದದ್ದರಿಂದ ಕೆಟ್ಟ ಅಂಕವೊಂದನ್ನು ಕೈಬಿಡುವ ಅವಕಾಶವೂ ಇರಲಿಲ್ಲ. ನಿನ್ನ ಅಂಕ ಎರಡು, ಐದು, ನಲವತ್ತೆರಡು. ಅಂಕ ಕಡಿಮೆಯಿದ್ದಷ್ಟೂ ಮೇಲೇರುವ ಈ ಆಟದಲ್ಲಿ ಅದೊಂದು ಸಂಖ್ಯೆ ನಿನ್ನನ್ನು ಎಲ್ಲಿಗೆ ತಳ್ಳಿತೆಂದು ನಿನಗೇ ಗೊತ್ತು. ಕಣ್ಣು ಮುಚ್ಚಿಕೊಳ್ಳಬಹುದಿತ್ತಲ್ಲ ಎಂದು ನೀನು ಕೇಳಲಿಲ್ಲ. ಎರಡು ದಿನ ಮಾತನ್ನೇ ಆಡಲಿಲ್ಲ, ಅಷ್ಟೇ. ಸಂಖ್ಯೆ ಹೇಳಿದ್ದಕ್ಕೆ ನನಗೆ ಬೇಸರವಿಲ್ಲ. ಆ ರಾತ್ರಿ, "ಮನಸ್ಸು ಬೇರೆ ದೋಣಿಯಲ್ಲಿದ್ದರೆ ಇನ್ನೇನಾಗುತ್ತದೆ" ಎಂದು ಚುಚ್ಚಿದೆನಲ್ಲ, ಬೇಸರ ಅದಕ್ಕೆ.

ಆಮೇಲೆ ಯೋಚಿಸಿದೆ. ನನ್ನ ಮಾತು ಅರ್ಧ ಸರಿಯಿತ್ತು. ಅದಕ್ಕೆ ಮೊದಲಿನ ಮೂರು ವಾರ ನೀನು ಇಬ್ಬರು ಹೋಗುವ 470 ದೋಣಿಯಲ್ಲಿದ್ದೆ. ಚುಕ್ಕಾಣಿ ನಿನ್ನದು, ಹಾಯಿಕಂಬದಿಂದ ಇಳಿಬಿಟ್ಟ ಟ್ರಪೀಜ್ ತಂತಿಗೆ ನೇತುಬಿದ್ದ ಆ ಹುಡುಗ ಕ್ಷಣಗಳನ್ನು ಎಣಿಸುತ್ತಿದ್ದ, ರೇಖೆ ಎಷ್ಟು ದೂರವಿದೆ ಎಂದು ಕೂಗುತ್ತಿದ್ದ, ಎದುರಿನಿಂದ ಬರುವ ಗಾಳಿಯ ಹೊಡೆತವನ್ನೂ ಹೇಳುತ್ತಿದ್ದ. ಐಎಲ್‌ಸಿಎ 6ಕ್ಕೆ ಮರಳಿದಾಗ ಆ ದನಿ ಇರಲಿಲ್ಲ. ಇನ್ನೊಬ್ಬರ ಎಣಿಕೆಗೆ ಒಗ್ಗಿದ ಕಿವಿ ತನ್ನದೇ ಎಣಿಕೆಯನ್ನು ಮರೆತಿತ್ತು. ಹಂಗಾಮಿನ ಕೊನೆಯ ಐಎಲ್‌ಸಿಎ ಸ್ಪರ್ಧೆಯಲ್ಲಿ ನೀನು ನಮ್ಮ ದೋಣಿಯ ಪಕ್ಕದಲ್ಲೇ ಹಾದುಹೋದೆ. ಒಬ್ಬಳೇ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಿದ್ದೆ: "ಇಪ್ಪತ್ತು. ನಾಲ್ಕು ದೋಣಿಯುದ್ದ. ಬಲಗಡೆ ಗಾಳಿ." ನನ್ನ ಪಕ್ಕದಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ.

ಇಬ್ಬರು ಓಡಿಸುವ ಆ ವೇಗದ ದೋಣಿ 49ಇಆರ್ ಎಫ್‌ಎಕ್ಸ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಮೊದಲ ದಿನ ಹನ್ನೊಂದು ಸಲ ಮಗುಚಿದಿರಿ, ಎಣಿಸಿದ್ದೇನೆ. ವೇಗದ ಆಸೆಗೆ ಹೋದದ್ದೆಂದು ಒಪ್ಪಿಕೋ. ಆದರೂ ಅಲ್ಲಿಂದ ಒಂದನ್ನು ತಂದೆ. ಗಾಳಿಗೆ ಎದುರಾಗಿ ಏರುವಾಗ ಹೊಡೆತ ಬಂದರೆ ಐಎಲ್‌ಸಿಎಯಲ್ಲಿ ಮೈಯನ್ನು ಹೊರಗೆ ಚಾಚಿ, ಮೂತಿಯನ್ನು ತುಸು ಗಾಳಿಯ ಕಡೆಗೆ ತಿರುಗಿಸಿ ಸಂಭಾಳಿಸುತ್ತೀಯ. ಎಫ್‌ಎಕ್ಸ್‌ನಲ್ಲಿ ದೊಡ್ಡ ಹಾಯಿ ಬಿಚ್ಚಿ ಇಳಿಯುವಾಗ ಅದೇ ಅಭ್ಯಾಸ ನಿಮ್ಮನ್ನು ನೀರಿಗೆ ಕೆಡಹುತ್ತಿತ್ತು; ಅಲ್ಲಿ ಗಾಳಿಗೆ ಬೆನ್ನು ಕೊಟ್ಟು ತಿರುಗಬೇಕು. ಆ ದೋಣಿ ಓಡಿದಷ್ಟೂ ತನ್ನ ಗಾಳಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಓಡುತ್ತಿರುವಾಗ ಹಾಯಿಯ ಮೇಲಿನ ಒತ್ತಡ ಇಳಿಯುತ್ತದೆ. ಹೆದರಿ ವೇಗ ಕಳೆದುಕೊಂಡರೆ ಅದೇ ಒತ್ತಡ ಒಮ್ಮೆಲೇ ಮರಳಿ ದೋಣಿಯನ್ನು ಉರುಳಿಸುತ್ತದೆ. ಕೈಗೆ ಅಂಟಿದ ಅಭ್ಯಾಸವನ್ನು ಬಿಡಿಸಿಕೊಳ್ಳಲು ನಿನಗೆ ಒಂಬತ್ತು ದಿನ ಬೇಕಾಯಿತು. ಫಲಿತಾಂಶದ ಹಾಳೆಯನ್ನು ಮಡಚಿ ಒಳಗಿಟ್ಟಿದ್ದೇನೆ; ಅದನ್ನು ಯಾರೂ ನೋಡಬೇಕಾಗಿಲ್ಲ.

ನನಗೆ ಇಷ್ಟವಾದದ್ದು ಯಾವುದು ಗೊತ್ತೇ? ಜೆ/24. ನೀನು ಅದನ್ನು ಎಮ್ಮೆ ಎಂದು ಹೀಯಾಳಿಸುತ್ತಿದ್ದೆ. ಸರಿ, ಐಎಲ್‌ಸಿಎಯ ಒಡಲು 59 ಕಿಲೋ, ಇದು ಸುಮಾರು 1,400. ಐದು ಜನರಲ್ಲಿ ಅತಿ ಕಿರಿಯಳಾದ ನಿನಗೆ ಸಿಕ್ಕಿದ್ದು ಮುಂತುದಿಯ ಕೆಲಸ. ಚುಕ್ಕಾಣಿ ಕೈಯಲ್ಲಿಲ್ಲದ ನಿನ್ನನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಮಾರ್ಕಿನ ಬಳಿ ಮುಂದಿನ ದೊಡ್ಡ ಹಾಯಿ ಸ್ಪಿನಾಕರ್ ಇಳಿಸುವುದು ತಡವಾಯಿತು. ಇಳಿಸು ಎಂದು ಹಿಂದಿನಿಂದ ಕೂಗಿದ್ದೇ ತಡವಾಗಿ ಎಂದು ನಿನಗೆ ಗೊತ್ತಿತ್ತು, ನಮಗೂ ಕಂಡಿತ್ತು. ನೀನು ಒದ್ದೆ ಬಟ್ಟೆಯನ್ನು ಬಾಚಿ ಒಳಗೆ ತುರುಕುತ್ತಿದ್ದೆಯೇ ಹೊರತು ತಿರುಗಿ ಒಂದು ಮಾತೂ ಆಡಲಿಲ್ಲ. ಇದು ನನ್ನ ಮಗಳೇ ಎಂದು ದುರ್ಬೀನನ್ನು ಒರೆಸಿ ಮತ್ತೆ ನೋಡಿದೆ. ಅಂಥ ಭಾರದ ದೋಣಿ ಒಮ್ಮೆ ವೇಗ ಕಳೆದುಕೊಂಡರೆ ಮತ್ತೆ ಗಳಿಸಲು ಎಷ್ಟು ಹೊತ್ತು ಹಿಡಿಯುತ್ತದೆಂದು ಮೈಯಲ್ಲಿ ಅರಿತ ಮೇಲೆ, ಐಎಲ್‌ಸಿಎಯಲ್ಲೂ ನೀನು ಸುಮ್ಮಸುಮ್ಮನೆ ಟ್ಯಾಕ್ ಮಾಡುವುದು, ಅಂದರೆ ಮೂತಿಯನ್ನು ಗಾಳಿಯ ಆಚೆ ಬದಿಗೆ ಹೊರಳಿಸುವುದು, ಕಡಿಮೆಯಾಗಿದೆ. ಕೊನೆಯ ಸ್ಪರ್ಧೆಯ ಒಂದು ಓಟದಲ್ಲಿ ಮೊದಲ ಮಾರ್ಕನ್ನು ಹತ್ತೊಂಬತ್ತನೆಯವಳಾಗಿ ಸುತ್ತಿದವಳು ನಾಲ್ಕನೆಯವಳಾಗಿ ಮುಗಿಸಿದೆ. ಅದರ ಎರಡನೇ ಏರಿಕೆಯಲ್ಲಿ ಎರಡೇ ಟ್ಯಾಕ್.

ಇಷ್ಟಾದರೂ ಆ ಸ್ಪರ್ಧೆಯಲ್ಲಿ ಒಟ್ಟಾರೆ ಏಳನೇ ಸ್ಥಾನ. ಹೋದ ವರ್ಷ ಅಲ್ಲೇ ನಾಲ್ಕನೆಯದು. ಹಾಳೆ ನನ್ನ ಪರ ಇದೆ, ಕಣ್ಣಾರೆ ಕಂಡದ್ದು ನಿನ್ನ ಪರ. ಏನು ಮಾಡಲಿ ಹೇಳು.

ಬ್ರೆಜಿಲ್‌ನ ಹಾಯಿದೋಣಿ ಸ್ಪರ್ಧಿ ರಾಬರ್ಟ್ ಶೇಡ್ಟ್ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸುವುದು ನಿನ್ನ ರೂಢಿ. ಈಗ ಐಎಲ್‌ಸಿಎ ಎನಿಸಿಕೊಂಡಿರುವ ಲೇಸರ್‌ನಲ್ಲಿ 1996 ಮತ್ತು 2004ರ ಒಲಿಂಪಿಕ್ ಚಿನ್ನ, ನಡುವೆ 2000ದಲ್ಲಿ ಬೆಳ್ಳಿ. ಇಬ್ಬರು ಹೋಗುವ ಸ್ಟಾರ್ ದೋಣಿಗೆ ಹಾರಿ 2008ರಲ್ಲಿ ಬೆಳ್ಳಿ, 2012ರಲ್ಲಿ ಕಂಚು. ಮತ್ತೆ ಲೇಸರ್‌ಗೆ ಮರಳಿ 2016ರಲ್ಲಿ ನಾಲ್ಕನೇ ಸ್ಥಾನ. ಎಲ್ಲ ನಿಜ. ಆದರೆ ಅವರು ಒಂದೊಂದು ದೋಣಿಗೂ ವರ್ಷಗಟ್ಟಲೆ ಕೊಟ್ಟರು, ನಿನ್ನಂತೆ ಒಂದೇ ಹಂಗಾಮಿನಲ್ಲಿ ನಾಲ್ಕನ್ನೂ ಮುಗಿಸಿ ಬರಲಿಲ್ಲ. ನನಗೆ ನೆನಪಾಗುವುದು ಡೆನ್ಮಾರ್ಕ್‌ನ ಪಾಲ್ ಎಲ್ವ್‌ಸ್ಟ್ರೋಮ್. 1948ರಿಂದ 1960ರವರೆಗೆ ಸತತ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದ ಆತ 1984ರಲ್ಲಿ, 56ನೇ ವಯಸ್ಸಿನಲ್ಲಿ, ಮಗಳು ಟ್ರೀನೆಯ ಜೊತೆ ಟೊರ್ನೇಡೊ ಕೆಟಮರಾನ್‌ನಲ್ಲಿ ಸ್ಪರ್ಧಿಸಿ ನಾಲ್ಕನೆಯವನಾದ. ಕೆಟಮರಾನ್ ಎಂದರೆ ನಮ್ಮ ಕಿವಿಗೆ ಕಟ್ಟುಮರವೇ. ಹೆಸರು ತಮಿಳಿನಿಂದ ಹೋದದ್ದು. ಅವನಂತೆ ನಾನೂ ಮಗಳ ಜೊತೆ ದೋಣಿ ಏರುವೆನೆಂಬ ಆಸೆಯನ್ನು ಮಾತ್ರ ಇಟ್ಟುಕೊಳ್ಳಬೇಡ. ನಾನು ರೆಕಾರ್ಡರ್ ಹಿಡಿದು ನಿಲ್ಲುವವಳು.

ಮುಂದಿನ ಹಂಗಾಮಿನ ಅರ್ಜಿ ತುಂಬುತ್ತಿದ್ದೇನೆ. ವರ್ಗದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಇನ್ನೊಂದು ವಿಷಯ: ಚಿಕ್ಕ ಹಾಯಿಯ ಐಎಲ್‌ಸಿಎ 4ರಿಂದ 6ಕ್ಕೆ ಏರುತ್ತಿರುವ ಹುಡುಗಿಯೊಬ್ಬಳು ನಿನ್ನ ಹಾಯಿಕಂಬದ ಕೆಳತುಂಡನ್ನು ಕೇಳುತ್ತಿದ್ದಾಳೆ. ಒಡಲು ಎರಡಕ್ಕೂ ಒಂದೇ, ಅವಳಿಗೆ ಬೇಕಾದದ್ದು ಆ ತುಂಡು ಮತ್ತು ಹಾಯಿ. ಕೊಡಲೇ, ಇರಲೇ? ಭಾನುವಾರದೊಳಗೆ ತಿಳಿಸು.

ನಿನ್ನ
ಅಮ್ಮ