ಮಗಳಿಗೊಂದು ಪತ್ರ: ಈ ದುಃಖಕ್ಕೂ ಒಂದು ಸೂತಕವಿರಲಿ

ಪ್ರೀತಿಯ ಮಗಳೇ,

ಈ ಪತ್ರದ ಮೊದಲ ಎರಡು ಪದಗಳನ್ನು ಬರೆಯಲು ನನಗೆ ಒಂದು ಸಂಜೆಯೇ ಹಿಡಿಯಿತು. ನೀನು ಹಾಸ್ಟೆಲಿನಲ್ಲಿದ್ದಾಗ ‘ಚಿ. ಕುಮಾರಿ’ ಎಂದು ಬರೆಯುತ್ತಿದ್ದೆ. ಮದುವೆಯಾದ ಮೇಲೆ ಅದು ‘ಚಿ. ಸೌ.’ ಎಂದಾಯಿತು. ಈಗ ಏನೆಂದು ಬರೆಯಲಿ ಎಂದು ಲೇಖನಿ ಹಿಡಿದು ಕುಳಿತಾಗ, ಗಂಡನಿಂದ ಬೇರೆಯಾದ ಮಗಳನ್ನು ಕರೆಯಲು ನಮ್ಮ ಹಿರಿಯರು ಒಂದು ಅಕ್ಷರವನ್ನೂ ಬಿಟ್ಟುಹೋಗಿಲ್ಲ ಎಂಬುದು ಅರಿವಿಗೆ ಬಂತು. ಹಾಗಾಗಿ, ನೀನು ಹುಟ್ಟಿದ ದಿನದಿಂದ ನನಗೆ ಏನಾಗಿದ್ದೀಯೋ ಅದನ್ನೇ ಬರೆದಿದ್ದೇನೆ.

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ನನ್ನನ್ನು ಮಲಗಲು ಬಿಟ್ಟಿಲ್ಲ. “ಅಪ್ಪಾ, ಬೇಡವೆಂದು ಹೊರಗೆ ಬಂದವಳು ನಾನೇ. ಮತ್ತೆ ನನಗೇ ಯಾಕೆ ಇಷ್ಟು ಅಳು ಬರುತ್ತದೆ?” ಎಂದೆ. ಆಗ ನನಗೆ ಉತ್ತರ ತೋಚಲಿಲ್ಲ. “ಊಟ ಮಾಡಿದೆಯಾ?” ಎಂದು ಕೇಳಿ ಫೋನನ್ನು ನಿನ್ನ ಅವ್ವನ ಕೈಗೆ ಕೊಟ್ಟೆ. ಅಂದು ಹೇಳಲಾಗದ್ದನ್ನು ಇಂದು ಬರೆಯುತ್ತಿದ್ದೇನೆ.

ನಮ್ಮ ಊರಿನಲ್ಲಿ ಒಂದು ಸಾವಾದರೆ ಏನಾಗುತ್ತದೆ ಎಂದು ನೀನು ಚಿಕ್ಕಂದಿನಿಂದ ನೋಡಿದ್ದೀಯೆ. ಮೂರನೆಯ ದಿನ ಹಾಲುತುಪ್ಪ, ಹನ್ನೊಂದನೆಯ ದಿನ ತಿಥಿ. ಅಷ್ಟು ದಿನ ಆ ಮನೆಯ ಒಲೆ ಉರಿಯದಿದ್ದರೂ ಅಕ್ಕಪಕ್ಕದವರ ಮನೆಯಿಂದ ಮುದ್ದೆ, ಸಾರು ಬರುತ್ತವೆ; ಅಳುವವರನ್ನು ಯಾರೂ ತಡೆಯುವುದಿಲ್ಲ, ಕೆಲಸಕ್ಕೆ ಬಾ ಎಂದು ಯಾರೂ ಕರೆಯುವುದಿಲ್ಲ. ಆದರೆ ಒಂದು ಮದುವೆ ಮುರಿದಾಗ ಇದಾವುದೂ ಇಲ್ಲ. ತೀರ್ಪು ಬಂದ ದಿನ ನಾವು ಮೂವರೂ ನ್ಯಾಯಾಲಯದ ಎದುರಿನ ಹೋಟೆಲಿನಲ್ಲಿ ಕುಳಿತಿದ್ದೆವಲ್ಲ, ನೀನು ತಟ್ಟೆಯಲ್ಲಿದ್ದ ಮೊಸರನ್ನವನ್ನು ಬೆರಳಿನಿಂದ ಆ ಬದಿಗೊಮ್ಮೆ ಈ ಬದಿಗೊಮ್ಮೆ ಸರಿಸುತ್ತಿದ್ದೆ. ಹೋಟೆಲಿನ ಹುಡುಗ ಬಂದು ಇನ್ನೇನು ಬೇಕೆಂದು ಕೇಳಿದ. ನಾನು ಬಿಲ್ಲು ತರಲು ಹೇಳಿದೆ. ಐದು ವರ್ಷದ ಒಂದು ಬಂಧಕ್ಕೆ ನಾವು ಕೊಟ್ಟ ವಿದಾಯ ಅಷ್ಟೇ ಆಗಿತ್ತು. ಮರುದಿನವೇ ನೀನು ಕಚೇರಿಗೆ ಹೋದೆ. ಬಂಧುಗಳು ಬಂದರು, ಆದರೆ ಮುದ್ದೆ ಸಾರು ತರಲಿಲ್ಲ, ಪ್ರಶ್ನೆಗಳನ್ನು ತಂದರು.

ಕೆಲವು ತಿಂಗಳಿಂದ ನಾನು ಈ ವಿಷಯದ ಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಮೇಷ್ಟರಾಗಿದ್ದವನಿಗೆ ಅರ್ಥವಾಗದ್ದನ್ನು ಓದಿ ತಿಳಿಯುವುದೊಂದೇ ಗೊತ್ತಿರುವ ದಾರಿ. ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ, ಸಮಾಜವು ದುಃಖವೆಂದು ಒಪ್ಪದ, ಬಹಿರಂಗವಾಗಿ ಅಳಲು ಅವಕಾಶ ಕೊಡದ ದುಃಖವೊಂದಿದೆ ಎಂದು ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟರು. ಅದನ್ನು ಓದಿದಾಗ ನಿನ್ನ ಮುಖವೇ ಕಣ್ಣಮುಂದೆ ಬಂತು. ಈ ದುಃಖಕ್ಕೂ ಒಂದು ಸೂತಕ ಬೇಕು ಎಂದು ನಿನ್ನ ಅವ್ವನಿಗೆ ಹೇಳಿದೆ. “ಬದುಕಿರುವ ಮನುಷ್ಯನ ವಿಚಾರದಲ್ಲಿ ಅಂಥ ಮಾತು ಆಡಬೇಡಿ” ಎಂದು ಅವಳು ತಡೆದಳು. ಅವಳು ಹೇಳಿದ್ದು ಸರಿ. ಆತ ಎಲ್ಲಿದ್ದರೂ ಚೆನ್ನಾಗಿರಲಿ. ಆದರೆ ಸಂಬಂಧವೊಂದು ತೀರಿಹೋಗಿದೆ, ಅದರೊಂದಿಗೆ ಬಾಳಿದವಳು ನೀನು. ಬಿಡುವ ನಿರ್ಧಾರ ನಿನ್ನದಾಗಿತ್ತು ಎಂಬ ಕಾರಣಕ್ಕೆ ಅಳುವ ಹಕ್ಕು ಹೋಗುವುದಿಲ್ಲ.

ಅಲ್ಲದೆ, ನೀನು ಕಳೆದುಕೊಂಡದ್ದು ಒಬ್ಬನನ್ನು ಮಾತ್ರವೇ? ಆ ಮನೆಯಲ್ಲಿ ನಿನ್ನ ಭಾವನ ಮಗು ಇದೆ. ಅದು ನಿನ್ನನ್ನು ಚಿಕ್ಕಮ್ಮ ಎಂದು ಕರೆಯುತ್ತಿತ್ತು, ನೀನು ಇಲ್ಲಿಗೆ ಬಂದಾಗಲೆಲ್ಲ ವಿಡಿಯೋ ಕರೆ ಮಾಡಿಸಿಕೊಂಡು ತನ್ನ ಬಿದ್ದ ಹಲ್ಲನ್ನು ತೋರಿಸುತ್ತಿತ್ತು. ನಿನ್ನ ಅತ್ತೆ ಭಾನುವಾರ ನಿನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದರೆಂದು ನೀನೇ ಹೇಳಿದ್ದೆ. ಗಂಡ ಹೆಂಡಿರ ನಡುವೆ ಆದದ್ದರಲ್ಲಿ ಆ ಮಗುವಿನ ತಪ್ಪೇನೂ ಇರಲಿಲ್ಲ, ಆದರೂ ಆ ದಾರವೂ ಅದೇ ದಿನ ಹರಿಯಿತು. ವಕೀಲರ ಕಾಗದಗಳಲ್ಲಿ ಒಡವೆಯ ಲೆಕ್ಕವಿತ್ತು, ಪಾತ್ರೆಯ ಲೆಕ್ಕವಿತ್ತು. ಈ ಲೆಕ್ಕವನ್ನು ಯಾರೂ ಬರೆಯಲಿಲ್ಲ. ನೀನು ಒಂದು ಹಾಳೆಯಲ್ಲಿ ಇವೆಲ್ಲವನ್ನೂ ಬರೆ. ಯಾರಿಗೂ ತೋರಿಸಬೇಕಿಲ್ಲ. ಏನೇನು ಹೋಯಿತು ಎಂದು ತಿಳಿಯದಿದ್ದರೆ ಮನಸ್ಸು ಎಲ್ಲವೂ ಹೋಯಿತೆಂದೇ ನಂಬಿಬಿಡುತ್ತದೆ.

ದುಃಖಕ್ಕೆ ಐದು ಹಂತಗಳಿವೆ, ತಾನಿನ್ನೂ ಸಿಟ್ಟಿನ ಹಂತದಲ್ಲೇ ನಿಂತಿದ್ದೇನೆ ಎಂದು ನೀನು ಒಮ್ಮೆ ಬೇಸರಪಟ್ಟುಕೊಂಡಿದ್ದೆ. ಆ ಐದು ಹಂತಗಳನ್ನು ಎಲಿಜಬೆತ್ ಕುಬ್ಲರ್-ರಾಸ್ ಎಂಬ ವೈದ್ಯೆ 1969ರಲ್ಲಿ ಹೇಳಿದ್ದು, ಸಾವಿನ ಅಂಚಿನಲ್ಲಿದ್ದ ರೋಗಿಗಳೊಡನೆ ಮಾತನಾಡಿದ ಅನುಭವದಿಂದ. ಅದನ್ನು ಶಾಲೆಯ ತರಗತಿಗಳಂತೆ ಒಂದಾದ ಮೇಲೊಂದು ಪಾಸು ಮಾಡಬೇಕೆಂದು ತಿಳಿದುಕೊಂಡು ನೊಂದುಕೊಳ್ಳಬೇಡ. ಅದಕ್ಕಿಂತ ನನಗೆ ಮನಸ್ಸಿಗೆ ಹತ್ತಿದ್ದು, ನೆದರ್ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ಮಂಡಿಸಿದ ವಿಚಾರ. ನೊಂದವರು ಕೆಲವು ಹೊತ್ತು ನೋವಿನ ಕಡೆಗೆ ಮುಖ ಮಾಡುತ್ತಾರೆ, ಕೆಲವು ಹೊತ್ತು ಮುಂದಿನ ಬದುಕಿನ ಕೆಲಸಗಳ ಕಡೆಗೆ ತಿರುಗುತ್ತಾರೆ, ಹೀಗೆ ಹಿಂದಕ್ಕೂ ಮುಂದಕ್ಕೂ ಹೋಗಿಬರುವುದೇ ಚೇತರಿಕೆಯ ಸಹಜ ನಡೆ ಎನ್ನುತ್ತಾರೆ ಅವರು.

ಇದನ್ನು ಓದಿದಾಗ ನನಗೆ ನಮ್ಮ ನಾಲೆಯ ನೆನಪಾಯಿತು. ಕನ್ನಂಬಾಡಿಯಲ್ಲಿ ನೀರು ಕಡಿಮೆಯಿದ್ದ ವರ್ಷಗಳಲ್ಲಿ ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರಲ್ಲ, ಕೆಲವು ದಿನ ನೀರು, ಕೆಲವು ದಿನ ನಿಲುಗಡೆ. ನೀನು ಚಿಕ್ಕವಳಿದ್ದಾಗ ಅಂಥ ಒಂದು ನಿಲುಗಡೆಯಲ್ಲಿ ಭತ್ತದ ಗದ್ದೆಯ ಕೆಸರು ಬಿರುಕು ಬಿಟ್ಟದ್ದನ್ನು ಕಂಡು, ಪೈರು ಸತ್ತುಹೋಗುತ್ತದೆ ಎಂದು ಬದುವಿನ ಮೇಲೆ ಕುಳಿತು ಅತ್ತಿದ್ದೆ. ನಾನು ಒಂದು ಬುಡವನ್ನು ಕಿತ್ತು, ಅಂಗೈಯಲ್ಲಿ ಮಣ್ಣು ಉದುರಿಸಿ, ಹೊಸದಾಗಿ ಬಂದಿದ್ದ ಬಿಳಿಯ ಬೇರುಗಳನ್ನು ನಿನಗೆ ತೋರಿಸಿದ್ದೆ. ಸದಾ ನೀರು ನಿಂತರೆ ಬೇರಿಗೆ ಗಾಳಿಯಾಡುವುದಿಲ್ಲ. ನೀನು ಗೆಳತಿಯರೊಂದಿಗೆ ನಕ್ಕ ದಿನ, ಬೆಳಗಿನಿಂದ ಸಂಜೆಯವರೆಗೆ ಆತನ ನೆನಪೇ ಬಾರದ ದಿನ, ತಪ್ಪು ಮಾಡಿದೆನೇನೋ ಎಂದು ಅಳುಕಬೇಡ. ಮರುದಿನ ಮತ್ತೆ ಕಣ್ಣು ತುಂಬಿದರೆ, ಗೆದ್ದದ್ದೆಲ್ಲ ಸೋತೆನೆಂದೂ ತಿಳಿಯಬೇಡ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಆತನ ಪ್ರೊಫೈಲ್ ಚಿತ್ರ ಬದಲಾಗಿದೆಯೇ ಎಂದು ನೋಡುತ್ತೀಯಲ್ಲ, ಅದೊಂದನ್ನು ನಿಲ್ಲಿಸು ಎಂದು ತಂದೆಯಾಗಿ ಕೇಳಿಕೊಳ್ಳುತ್ತೇನೆ. ಅದರಿಂದ ಹೊಸ ಗಾಯವಾಗುತ್ತದೆಯೇ ಹೊರತು ಹಳೆಯದು ಆರುವುದಿಲ್ಲ.

ಇನ್ನು ನಾನು ನಿನ್ನಲ್ಲಿ ಒಪ್ಪಿಕೊಳ್ಳಬೇಕಾದದ್ದು ಒಂದಿದೆ. ಮೂರು ವರ್ಷದ ಹಿಂದಿನ ದೀಪಾವಳಿಗೆ ನೀನು ಒಬ್ಬಳೇ ಬಂದಿದ್ದೆ. ರಾತ್ರಿ ಜಗಲಿಯ ಮೇಲೆ ಕುಳಿತು, ಮಾತು ಮಾತಿಗೂ ತಡವರಿಸುತ್ತ, ಆ ಮನೆಯಲ್ಲಿ ನಿನಗೆ ಉಸಿರು ಕಟ್ಟುತ್ತಿದೆ ಎಂದು ಹೇಳಿದೆ. ನಾನು ನಿನ್ನ ಮಾತು ಮುಗಿಯುವವರೆಗೂ ಕಾಯಲಿಲ್ಲ. “ಸಂಸಾರ ಎಂದ ಮೇಲೆ ಇದ್ದದ್ದೇ, ಹೊಂದಿಕೊಂಡು ಹೋಗು” ಎಂದೆ. ಬೆಳಿಗ್ಗೆ ನೀನು “ಇನ್ನೊಂದು ದಿನ ಇರಲಾ ಅಪ್ಪಾ?” ಎಂದು ಕೇಳುವ ಹೊತ್ತಿಗೆ ನಾನು ನಿನ್ನ ಬ್ಯಾಗನ್ನು ಸ್ಕೂಟರಿನ ಮುಂದೆ ಇಟ್ಟಾಗಿತ್ತು. ಮಂಡ್ಯದ ಬಸ್ ನಿಲ್ದಾಣದವರೆಗೆ ನೀನು ಒಂದು ಮಾತೂ ಆಡಲಿಲ್ಲ. ಬಸ್ಸು ಹೊರಟಾಗ ಕೈ ಬೀಸಿದೆ, ನಾನೂ ಬೀಸಿದೆ. ಊರವರು ಏನೆಂದಾರು ಎಂಬ ಒಂದು ಅಂಜಿಕೆಯಿಂದ ಒಂದು ದಿನದ ಆಸರೆಯನ್ನೂ ಕೊಡದೆ ಮಗಳನ್ನು ಕಳುಹಿಸಿಬಿಟ್ಟೆ. ಅದಾದ ಮೇಲೆ ಒಂದು ವರ್ಷ ನೀನು ನಮ್ಮೊಂದಿಗೆ ಏನನ್ನೂ ಹೇಳಿಕೊಳ್ಳಲಿಲ್ಲ. ಆ ವರ್ಷ ನೀನು ಒಬ್ಬಳೇ ಅನುಭವಿಸಿದ್ದರಲ್ಲಿ ನನ್ನ ಪಾಲಿದೆ. ನನ್ನನ್ನು ಕ್ಷಮಿಸು ಎಂದು ಕೇಳುತ್ತೇನೆ. ಕೂಡಲೇ ಕ್ಷಮಿಸಬೇಕಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಅದನ್ನೂ ಹೇಳು, ಈ ಸಲ ಮುಗಿಯುವವರೆಗೂ ಕೇಳಿಸಿಕೊಳ್ಳುತ್ತೇನೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆ ಒಂದು ವರ್ಷ ಬೇರೆ ಇರಬೇಕೆನ್ನುತ್ತದೆ, ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳ ಕಾಲಾವಕಾಶ ಕೊಡುತ್ತದೆ. ಮನಸ್ಸಿಗೆ ಅಂಥ ಗಡುವನ್ನು ಯಾರೂ ಹಾಕಲಾರರು. ಇನ್ನೊಂದು ಮದುವೆಯ ಮಾತನ್ನು ಎತ್ತಿದ ನಿನ್ನ ಸೋದರಮಾವನಿಗೆ, ಅವಳಾಗಿ ಹೇಳುವವರೆಗೂ ಈ ಮನೆಯಲ್ಲಿ ಆ ವಿಷಯ ಬೇಡ ಎಂದು ಹೇಳಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡ. ಎರಡು ವಾರಕ್ಕೂ ಹೆಚ್ಚು ಕಾಲ ದಿನವೂ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಆಸೆಯೇ ಇಲ್ಲದಂತಾದರೆ, ಅಥವಾ ಬದುಕೇ ಬೇಡವೆಂಬ ಯೋಚನೆ ಒಂದು ಕ್ಷಣ ಸುಳಿದರೂ, ಕೂಡಲೇ ವೈದ್ಯರನ್ನು ಕಾಣು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ. ನಮ್ಮ ಮನೆಯ ಫೋನೂ ಎಲ್ಲ ಹೊತ್ತಿನಲ್ಲೂ ನನ್ನ ತಲೆದಿಂಬಿನ ಪಕ್ಕದಲ್ಲಿರುತ್ತದೆ.

ನಿನ್ನ ಪಾತ್ರೆಗಳು ಕಳೆದ ವಾರ ಬಂದವು. ಮೂರು ರಟ್ಟಿನ ಪೆಟ್ಟಿಗೆಗಳು. ನಿನ್ನ ಅವ್ವ ನಡುಮನೆಯಲ್ಲಿ ಕುಳಿತು ಒಂದೊಂದನ್ನೇ ಹಳೆಯ ಪತ್ರಿಕೆಯಿಂದ ಬಿಡಿಸಿದಳು. ಮದುವೆಗೆಂದು ನಾವೇ ಕೊಡಿಸಿದ್ದ ಸ್ಟೀಲಿನ ಕೊಳಗದ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಎರಡು ಹೆಸರುಗಳು, ಕೆಳಗೆ ತಾರೀಖು. ಅವಳು ಅದರ ಮೇಲೆ ಹೆಬ್ಬೆರಳಾಡಿಸಿ, ಬಹಳ ಹೊತ್ತು ಸುಮ್ಮನಿದ್ದಳು. ಹಳೆಯ ಪಾತ್ರೆ ಅಂಗಡಿಗೆ ಕೊಟ್ಟು ಬೇರೆ ತೆಗೆದುಕೊಳ್ಳಿ ಎಂದು ಪಕ್ಕದ ಮನೆಯವರು ಹೇಳಿದರು. ಅವು ನಿನ್ನವು, ಇಟ್ಟುಕೊಳ್ಳುವುದೋ ಕೊಡುವುದೋ ನೀನೇ ಹೇಳಬೇಕೆಂದು ಎಲ್ಲವನ್ನೂ ಮತ್ತೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇವೆ.

ಶನಿವಾರ ಬರುವುದಾದರೆ ಯಾವ ರೈಲಿಗೆ ಎಂದಷ್ಟೇ ತಿಳಿಸು, ಮಂಡ್ಯದ ನಿಲ್ದಾಣಕ್ಕೆ ನಾನು ಬರುತ್ತೇನೆ. ಎಷ್ಟು ದಿನ ಇರುತ್ತೀಯೆ ಎಂದು ಯಾರೂ ಕೇಳುವುದಿಲ್ಲ. ನಿನ್ನ ಅವ್ವ ಅವರೆಕಾಳು ನೆನೆಹಾಕುವುದಕ್ಕೆ ಶುಕ್ರವಾರ ರಾತ್ರಿಯೊಳಗೆ ಗೊತ್ತಾಗಬೇಕಂತೆ.

ಇಂತಿ ನಿನ್ನ,
ಅಪ್ಪ