ನನ್ನ ಕೈಗಾಗಿ ಕಾದ ಊರಿಗೆ

ಹೋದ ಮಂಗಳವಾರ ಗ್ರಾಮದೇವತೆ ದ್ಯಾಮವ್ವ ಗುಡಿ ಸೇರಿದಳು. ಅವತ್ತಿನಿಂದ ಇದನ್ನು ಬರೆಯಬೇಕು ಅಂತಲೇ ಇದ್ದೆ.

ನಾನು ಹಾನಗಲ್ ತಾಲೂಕಿನ ಒಂದು ಹಳ್ಳಿಯ ಬಡಿಗ. ಅಜ್ಜ, ಅಪ್ಪ ಮಾಡಿದ್ದೂ ಇದೇ ಕೆಲಸ. ಬಿತ್ತನೆಗೆ ಮುಂಚೆ ಕೂರಿಗೆ, ಕುಂಟೆ. ಜಾತ್ರೆ ಬಂದರೆ ದೇವರು. ಪಕ್ಕದ ಊರಿನವರು ಹಳೇ ಮೂರ್ತಿಗೆ ಗೆದ್ದಲು ಹತ್ತಿದೆ ಅಂತ ಹೊಸ ದ್ಯಾಮವ್ವನನ್ನು ಮಾಡಲು ಹೇಳಿದ್ದರು. ಸಾಗವಾನಿ ದಿಮ್ಮಿಯಲ್ಲಿ ಮುಖ ಮುಗಿಸಿದ್ದೆ, ಅಷ್ಟರಲ್ಲಿ ಬಾಚಿ ಜಾರಿ ಎಡಗೈ ಹೆಬ್ಬೆರಳಿನ ನರ ಕಡಿಯಿತು. ಉಳಿ ಹಿಡಿಯುವುದೇ ಆ ಕೈ.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಜಾತ್ರೆಗೆ ಉಳಿದಿದ್ದು ಮೂರೇ ತಿಂಗಳು. ಬೇರೆಯವರಿಗೆ ಕೊಡಿ ಅಂತ ಹಿರಿಯರಿಗೆ ಕೈ ಮುಗಿದೆ. "ಅವ್ವನ ಮಾರಿ ನಿನ್ನ ಕೈಯಾಗ ಮೂಡೇತಿ. ಮೈ ಇನ್ನೊಬ್ಬರ ಕಡೆ ಹ್ಯಾಂಗ ಮಾಡಿಸೂದು? ಕಾಯ್ತೀವಿ" ಅಂದರು. ಜಾತ್ರೆಯನ್ನೇ ಒಂದು ವರ್ಷ ಮುಂದೆ ಹಾಕಿದರು. ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಎಷ್ಟೋ ಮನೆಯವರು ದುಡ್ಡು ಕೂಡಿಟ್ಟಿದ್ದರು. ಒಬ್ಬರೂ ನನ್ನ ಮೇಲೆ ಬೇಸರ ಮಾಡಿಕೊಳ್ಳಲಿಲ್ಲ.

ಅವರ ಮಾತು ಕೆಲಸದ ಲೆಕ್ಕದಲ್ಲೂ ಸರಿ. ಮುಖದ ಉದ್ದ ಒಂದು ತಾಲ, ನಿಂತ ಮೂರ್ತಿಗೆ ಅಂಥ ಒಂಬತ್ತು ತಾಲ. ಎಲ್ಲ ಅಳತೆಯೂ ಮುಖದಿಂದಲೇ ಹೊರಡುತ್ತದೆ. ತೋಳುಗಳನ್ನು ಮಾತ್ರ ಬೇರೆ ಕೆತ್ತಿ ಗೂಟ ಹಾಕಿ ಕೂಡಿಸಬಹುದು. ಹಿಂದೆ ಜಾತ್ರೆ ಮುಗಿದ ಮೇಲೆ ದೇವಿಯನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಹಾಗೆ ಇಟ್ಟಿದ್ದ ಹಾನಗಲ್ಲಿನ ದೇವಿಯನ್ನು ಕಳ್ಳರು ಒಡವೆ ಸಮೇತ ಹೊತ್ತೊಯ್ದು, ಪೆಟ್ಟಿಗೆಯನ್ನು ಶಿರಸಿಯ ಕೆರೆಗೆ ಎಸೆದರಂತೆ. ಅವಳೇ ಇವತ್ತಿನ 7 ಅಡಿಯ ಮಾರಿಕಾಂಬೆ ಅಂತ ನಮ್ಮಜ್ಜ ಹೇಳುತ್ತಿದ್ದರು.

ಬೆರಳು ಮಡಚಲು ಬರದಿದ್ದಾಗ ನನ್ನ ಹೆಂಡತಿ ದಿನಾ ಜೋಳದ ಹಿಟ್ಟು ನಾದಿಸಿದಳು. ಮೊದಲ ವಾರ ಅಳುತ್ತಾ ನಾದಿದ್ದೇನೆ. ಕಮ್ಮಾರಣ್ಣ ನನ್ನ ಉಳಿಗಳನ್ನೆಲ್ಲ ಒಯ್ದು ದಪ್ಪ ಹಿಡಿಕೆ ಕೂರಿಸಿ ತಂದ, ದುಡ್ಡು ಮುಟ್ಟಲಿಲ್ಲ. ಬಣ್ಣ ಹಚ್ಚಿದ ಕಾಕಾ, ಕೊನೆಗೆ ಕಣ್ಣು ಬರೆಯುವ ದಿನ ನನ್ನ ಜೊತೆ ತಾವೂ ಉಪವಾಸ ಇದ್ದರು. ಇವರಿಗೆಲ್ಲ ಏನು ಹೇಳಿದರೂ ಕಡಿಮೆಯೇ.

ಇನ್ನೊಂದು ಮಾತು ಎಲ್ಲರಿಗೂ ಗೊತ್ತಾಗಬೇಕು. ಅವ್ವನ ತೋಳು ನೋಡಿ ಜನ ನನ್ನನ್ನು ಹೊಗಳುತ್ತಿದ್ದಾರೆ. ನಾನು ಅಳತೆ ಗುರುತು ಮಾಡಿಕೊಟ್ಟೆ ಅಷ್ಟೇ. ಆ ತೋಳುಗಳನ್ನು ಕೆತ್ತಿದ್ದು ನಮ್ಮಕ್ಕನ ಮಗ. ಅವನಿಗೆ ಇನ್ನೂ ಹತ್ತೊಂಬತ್ತು.