ಭಾನುವಾರದ ಕೋವಿ ಅಭ್ಯಾಸ: ಬರುವವರು ಓದಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 7ಕ್ಕೆ ರೇಂಜಿನಲ್ಲಿ ಅಭ್ಯಾಸವಿದೆ. ಹೊಸದಾಗಿ 12 ಬೋರ್ ಕೋವಿ ಕೊಂಡಿರುವ ಮೂವರೂ ತಪ್ಪದೆ ಬರಬೇಕು. ಪುಣೆಯ ಚಾಂದಣಿ ಚೌಕದಿಂದ 6.15ಕ್ಕೆ ಎರಡು ಕಾರು ಹೊರಡುತ್ತವೆ, ಯಾರಿಗೂ ಕಾಯುವುದಿಲ್ಲ.

ಗುರಿಗಾಗಿ ಗಾಳಿಗೆ ಎಸೆಯುವ ತಟ್ಟೆಗೆ ಹೊಡೆಯುವ ಆತುರ ಬೇಡ. ಮೊದಲು ಖಾಲಿ ಕೋವಿಯನ್ನು ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕೆನ್ನೆಯನ್ನು ಹಿಡಿಗೆ (ಭುಜಕ್ಕೆ ಆನಿಸುವ ಹಿಂಭಾಗ) ಒತ್ತಿ, ಆಮೇಲೆ ಕಣ್ಣು ತೆರೆಯಿರಿ. ನಳಿಗೆಯ ತುದಿಯ ಮಣಿ ನೇರ ಎದುರಿಗೆ ಕಾಣದಿದ್ದರೆ ಹಿಡಿಯ ಅಳತೆ ನಿಮಗೆ ಒಗ್ಗಿಲ್ಲ. ಇದನ್ನು ಕಡೆಗಣಿಸಿದ ನಾನು ಮೂರು ದಿನ ಕೋವಿಯ ಒದೆತಕ್ಕೆ ನೀಲಿಗಟ್ಟಿದ ಕೆನ್ನೆಯೊಂದಿಗೆ ಕಚೇರಿಗೆ ಹೋಗಿದ್ದೆ. ಸಹೋದ್ಯೋಗಿಗಳ ಅನುಮಾನವೆಲ್ಲ ಪಾಪ, ನನ್ನ ಹೆಂಡತಿಯ ಮೇಲೆ!

ಬಳಿಕ 40 ಗಜ ದೂರದ ದೊಡ್ಡ ಕಾಗದಕ್ಕೆ ಹೊಡೆದು, ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ದಟ್ಟವಾಗಿ ಬಿದ್ದಲ್ಲಿ 30 ಇಂಚು ವ್ಯಾಸದ ವೃತ್ತ ಎಳೆದು ತೂತುಗಳನ್ನು ಎಣಿಸೋಣ. ಫುಲ್ ಚೋಕ್ (ಚರೆ ಹೆಚ್ಚು ಚದುರದಂತೆ ತುದಿ ಕಿರಿದಾದ ನಳಿಗೆ) ಆದರೆ ಸುಮಾರು ಶೇ 70ರಷ್ಟು ಚರೆ ಒಳಗಿರಬೇಕು. ಬೇಸರದ ಕೆಲಸ, ಆದರೆ ಕೋವಿಯ ಗುಣ ತಿಳಿಯುವುದು ಇಲ್ಲಿಯೇ.

ಮೂಲ ಪರವಾನಗಿ, ಕಿವಿಗೆ ರಕ್ಷಣೆ, ಕನ್ನಡಕ ಕಡ್ಡಾಯ. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿರಲಿ.

ನಮ್ಮ ಗುಂಪಿನಲ್ಲಿ ಅಮೆರಿಕದ ಜಿಂಕೆ ಬೇಟೆಯ ವಿಡಿಯೋ ಹಾಕಿದವರಿಗೆ ಒಂದು ಮಾತು: ಅಲ್ಲಿ ಅದಕ್ಕೆ ಋತುವೂ ಪರವಾನಗಿಯೂ ಉಂಟು. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ತಮಾಷೆಗೂ ಆ ಚರ್ಚೆ ಇಲ್ಲಿ ಬೇಡ.

ಬರುವವರು, ಕಾರಿನಲ್ಲಿ ಜಾಗ ಬೇಕಾದವರು ಶುಕ್ರವಾರ ರಾತ್ರಿಯೊಳಗೆ ಉತ್ತರಿಸಿ. ಅವಲಕ್ಕಿ ನಮ್ಮ ಮನೆಯಿಂದ. ಚಹಾ ಯಾರಾದರೂ ವಹಿಸಿಕೊಳ್ಳಿ.